ಮೂರನೆಯ ರಿಂಗ್

ಅವನಿಗೆ ಉಯ್ಯಾಲೆ ಎಂದರೆ ಭಯ. ಬ್ಯೂಗಲ್ ರಾಕ್ ಪಾರ್ಕಿಗೆ ಬೀದಿಯ ಮಕ್ಕಳನ್ನೆಲ್ಲ ಕಟ್ಟಿಕೊಂಡು ಹೋದರೆ ಮಿಕ್ಕವರು ಬಂಡೆ ಹತ್ತಿ ಕೂಗಾಡುತ್ತಿರುವಾಗ ಇವನೊಬ್ಬ ನನ್ನ ಸೆರಗು ಹಿಡಿದು ಕೆಳಗೇ ನಿಂತಿರುತ್ತಿದ್ದ. "ಹತ್ತೋ ಪುಟ್ಟ, ನಿನಗಿಂತ ಚಿಕ್ಕೋಳು ಹತ್ತಿದಾಳೆ ನೋಡು" ಎಂದರೆ, "ಹತ್ತೋದೇನೋ ಹತ್ಬಹುದು ಅತ್ತೆ, ಇಳಿಯೋದು ಹೇಗೆ ಅಂತ ಯೋಚನೆ ಮಾಡ್ತಿದೀನಿ" ಅನ್ನುತ್ತಿದ್ದ. ಆಗ ಅವನಿಗೆ ಏಳು ವರ್ಷವೋ ಎಂಟೋ.

ಹಲ್ಲಿ ಎಂದರೆ ಭಯ. ಗುಡುಗೆಂದರೆ ಭಯ. ತೆಂಗಿನ ಮರದ ಕೆಳಗೆ ಹಾದು ಹೋಗುವಾಗ ತಲೆಯ ಮೇಲೆ ಸ್ಲೇಟು ಹಿಡಿದುಕೊಳ್ಳುತ್ತಿದ್ದ. ಭಯವಾದಾಗ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಳ್ಳುವುದು ಅವನ ಅಭ್ಯಾಸ. ದೊಡ್ಡವನಾಗಿ ಮೀಸೆ ಬಂದ ಮೇಲೂ ಅದು ಹೋಗಲಿಲ್ಲ. ನಾನು ಅವನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ಹೆಬ್ಬೆರಳು ಕಾಣುತ್ತಿದೆಯೋ ಇಲ್ಲವೋ, ಅಷ್ಟರಲ್ಲೇ ಎಲ್ಲ ತಿಳಿಯುತ್ತಿತ್ತು.

ಇಂಥ ಹುಡುಗ ಮುಂದೆ ಬಾಂಬು ಹಾಕುವ ವಿಮಾನದಲ್ಲಿ ಕೂತ. ಇಪ್ಪತ್ತೈದು ತುಂಬುವ ಮೊದಲೇ ಯುದ್ಧದಲ್ಲಿ ಹೋಗಿಬಿಟ್ಟ. ಹೆಸರು ಬೇಡ. ನಮ್ಮ ಎನ್.ಆರ್. ಕಾಲೋನಿಯ ಬೀದಿಯಲ್ಲಿ ಎಲ್ಲರಿಗೂ ಅವನು ಪುಟ್ಟ. ನನಗೂ ಅಷ್ಟೇ ಸಾಕು. ಅವನನ್ನು ಕುರಿತು ಮಾತಾಡಿದವರೆಲ್ಲ "ಭಯವನ್ನೇ ಅರಿಯದ ವೀರ" ಎಂದು ಮೈಕಿನಲ್ಲಿ ಹೇಳಿದ್ದಾರೆ. ಅವರು ಯಾರೂ ಅವನ ಕೈ ನೋಡಿದವರಲ್ಲ.

ಅವನ ಮನೆ ನಮ್ಮ ಮನೆಗೆ ಸರಿಯಾಗಿ ಎದುರಿಗೆ. ಅವನ ತಾಯಿ ಶಾರದಕ್ಕ ನನಗಿಂತ ಆರೇಳು ವರ್ಷ ದೊಡ್ಡವರು, ಪ್ರೈಮರಿ ಸ್ಕೂಲಿನಲ್ಲಿ ಮೇಡಂ. ಗಂಡ ಸ್ಕೂಟರಿನಲ್ಲಿ ಆಫೀಸಿಗೆ ಹೋಗುತ್ತಿದ್ದವರು ಒಂದು ಬೆಳಗ್ಗೆ ಸರ್ಕಲ್ಲಿನಲ್ಲಿ ಲಾರಿಗೆ ಸಿಕ್ಕಿ ಹೋದರು. ಹುಡುಗನಿಗೆ ಆಗ ಹತ್ತು ವರ್ಷ. ಹದಿಮೂರನೆಯ ದಿನ ಮುಗಿಯುತ್ತಿದ್ದಂತೆ ಶಾರದಕ್ಕ ಮಗನನ್ನು ದೇವರ ಮುಂದೆ ನಿಲ್ಲಿಸಿ, ಎರಡು ಚಕ್ರದ ಗಾಡಿ ಹತ್ತುವುದಿಲ್ಲ ಎಂದು ಆಣೆ ಹಾಕಿಸಿಕೊಂಡರು. ಸೈಕಲ್ಲೂ ಬೇಡ. ಕಾಲೇಜಿಗೂ ಅವನು ನಡೆದೇ ಹೋದ.

ನಡೆದು ನಡೆದು ಅವನಿಗೆ ಒಂದು ಹುಚ್ಚು ಹತ್ತಿತು. ಎಲ್ಲಿಂದ ಎಲ್ಲಿಗೆ ಎಷ್ಟು ನಿಮಿಷ ಎನ್ನುವುದು ಅವನ ತಲೆಯಲ್ಲಿ ಅಚ್ಚಾಗಿರುತ್ತಿತ್ತು. "ಗಾಂಧಿ ಬಜಾರಿಗೆ ಹನ್ನೊಂದೂವರೆ ನಿಮಿಷ ಅತ್ತೆ. ನೀವು ಸೊಪ್ಪಿನೋಳ ಹತ್ರ ಚೌಕಾಸಿಗೆ ನಿಂತ್ರೆ ಇಪ್ಪತ್ತಾಗುತ್ತೆ." ಬೀದಿಯಲ್ಲಿ ಯಾರ ಮನೆ ಮದುವೆಯಾದರೂ ಲಗ್ನಪತ್ರಿಕೆಯ ಹಿಂದೆ ಛತ್ರಕ್ಕೆ ದಾರಿ ತೋರಿಸುವ ನಕ್ಷೆ ಬರೆದುಕೊಡುವವನು ಅವನೇ. ಪ್ರೆಸ್ಸಿನವರು ತಲೆ ಚಚ್ಚಿಕೊಳ್ಳುತ್ತಿದ್ದರು. ಏಕೆಂದರೆ ಅವನ ನಕ್ಷೆಯಲ್ಲಿ ಬಸ್ ಸ್ಟಾಪು, ದೇವಸ್ಥಾನದ ಜೊತೆಗೆ "ಇಲ್ಲಿ ನಾಯಿ ಕಚ್ಚುತ್ತದೆ", "ಇಲ್ಲಿ ಮೋರಿಗೆ ಚಪ್ಪಡಿ ಇಲ್ಲ" ಎಂದೆಲ್ಲ ಇರುತ್ತಿತ್ತು. ನಮ್ಮ ಯಜಮಾನರು ಒಮ್ಮೆ, "ಮದುವೆಗೆ ಕರೀತಿದೀಯೋ, ಬರಬೇಡಿ ಅಂತ ಹೆದರಿಸ್ತಿದೀಯೋ?" ಎಂದು ಗೇಲಿ ಮಾಡಿದರು. ಅವನು ನಗಲಿಲ್ಲ. "ಹೆದರಿಕೆ ಎಲ್ಲಿ ಕೂತಿದೆ ಅಂತ ಗೊತ್ತಿದ್ರೆ ಪಕ್ಕದಲ್ಲಿ ಹೋಗ್ಬಿಡಬಹುದು ಮಾವ" ಎಂದ.

ವಾಯುಪಡೆಯ ಪರೀಕ್ಷೆ ಬರೆದದ್ದೂ ಇಂಥದೇ ಲೆಕ್ಕಾಚಾರದಲ್ಲಿ. ಹವಾಮಾನ ಹೇಳುವುದೋ, ಆಫೀಸಿನಲ್ಲಿ ಕಾಗದ ನೋಡುವುದೋ ಸಿಗುತ್ತದೆ ಎಂದುಕೊಂಡಿದ್ದ. ಅವರು ಅವನ ಲೆಕ್ಕ ನೋಡಿದರು, ನಕ್ಷೆ ನೋಡಿದರು, ಕಣ್ಣು ನೋಡಿದರು, ನ್ಯಾವಿಗೇಟರ್ ಆಗು ಅಂದರು. ವಿಮಾನ ಓಡಿಸುವವನಿಗೆ ದಾರಿ ಹೇಳುವ ಕೆಲಸ.

ಇದನ್ನು ಅವನು ನನಗೆ ಹೇಳಿದ್ದು ತರಬೇತಿ ಮುಗಿಸಿ ಮೊದಲ ರಜೆಗೆ ಬಂದಾಗ. ನಾನು ಮನೆಯಲ್ಲೇ ಸೀರೆಗಳಿಗೆ ಫಾಲ್ ಹಾಕಿಕೊಡುತ್ತಿದ್ದೆ. ಮಷೀನು ಹಜಾರದಲ್ಲಿ, ಅದರ ಪಕ್ಕದ ಸ್ಟೂಲಿನ ಮೇಲೆ ಫೋನು. ಅವನು ಬಂದು ನೆಲದ ಮೇಲೆ ಕೂತು, ಬಿದ್ದಿದ್ದ ದಾರದ ತುಂಡುಗಳನ್ನು ಒಂದೊಂದಾಗಿ ಆಯ್ದು ಜೋಡಿಸುತ್ತಾ ಹೇಳಿದ.

"ಅಮ್ಮನಿಗೆ ಮ್ಯಾಪ್ ಸೆಕ್ಷನ್ ಅಂತ ಹೇಳಿದೀನಿ ಅತ್ತೆ. ಸುಳ್ಳಲ್ಲ. ಮ್ಯಾಪೇ ನೋಡೋದು."

"ಎಲ್ಲಿ ಕೂತು ನೋಡ್ತೀಯ?"

"ಮೇಲೆ."

ನನ್ನ ಕಾಲು ಮಷೀನಿನ ಮೇಲೆ ಹಾಗೇ ನಿಂತಿತು. "ಬೇಡ ಅನ್ನಬಾರದಿತ್ತೇನೋ?"

"ಬೇಡ ಅನ್ನೋಕೂ ಹೆದರಿಕೆ ಆಯ್ತು" ಎಂದು ನಕ್ಕ. ಹೆಬ್ಬೆರಳು ಒಳಗಿತ್ತು.

ವಿಮಾನದಲ್ಲಿ ಇಬ್ಬರೇ ಅಂತೆ. ಓಡಿಸುವವನಿಗೆ ಆಕಾಶ ಕಾಣುತ್ತದೆ. ಇವನಿಗೆ ಕತ್ತಲೆ ಗೂಡಿನಂಥ ಜಾಗ, ಒಂದು ಸಣ್ಣ ದೀಪ, ಗಡಿಯಾರ, ನಕ್ಷೆ. "ಇನ್ನು ಎರಡು ನಿಮಿಷಕ್ಕೆ ಎಡಕ್ಕೆ ತಿರುಗು ಅಂತ ನಾನು ಹೇಳಿದ್ರೆ ಅವನು ತಿರುಗ್ತಾನೆ. ಹೊರಗೆ ನೋಡೋದೇ ಇಲ್ಲ ನಾನು, ಅದೇ ವಾಸಿ." ಬಾಂಬು ಯಾವ ಗಳಿಗೆಯಲ್ಲಿ ಬೀಳಬೇಕು ಎಂದು ಹೇಳುವವನೂ ಇವನೇ ಎಂದಾಗ ನಾನು ಬಾಯಿ ತಡೆಯಲಾಗದೆ, "ಕೆಳಗೆ ಜನ ಇರ್ತಾರೇನೋ?" ಎಂದುಬಿಟ್ಟೆ. ಅವನು ದಾರದ ತುಂಡುಗಳನ್ನು ಕೈಯಿಂದ ಕಲೆಸಿಬಿಟ್ಟ. "ಅದೊಂದು ಕೇಳ್ಬೇಡಿ ಅತ್ತೆ."

ಅವತ್ತು ಅವನು ಎರಡು ಮಾತು ತೆಗೆದುಕೊಂಡ. ಅಮ್ಮನಿಗೆ ನಾನು ಹೇಳಕೂಡದು, ಅವನೇ ಒಂದು ದಿನ ಹೇಳುತ್ತಾನೆ. ಎರಡನೆಯದು, ರಿಂಗು.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆ ಕಾಲದಲ್ಲಿ ಊರಿಗೆ ಹೋದವರು ತಲುಪಿದ ಮೇಲೆ ಬೂತಿನಿಂದ ಫೋನು ಮಾಡಿ ಎರಡು ರಿಂಗ್ ಆಗುತ್ತಿದ್ದಂತೆ ಇಟ್ಟುಬಿಡುತ್ತಿದ್ದರು. ಮನೆಯವರು ಎತ್ತುತ್ತಿರಲಿಲ್ಲ. ಖರ್ಚಿಲ್ಲದೆ ಸುದ್ದಿ ಮುಟ್ಟಿತು: ಕ್ಷೇಮ. ಮೂರನೆಯ ರಿಂಗ್ ಆಯಿತೆಂದರೆ ಮಾತಾಡುವುದಿದೆ, ಎತ್ತಬೇಕು. ನಮ್ಮ ಬೀದಿಯಲ್ಲಿ ಮಕ್ಕಳಿಗೂ ಇದು ಗೊತ್ತಿತ್ತು. ಶಾರದಕ್ಕನ ಮನೆಯಲ್ಲಿ ಫೋನಿರಲಿಲ್ಲ. ನಮ್ಮದೇ ನಂಬರು ಅವರದೂ. ಪ್ರತಿ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಅವನು ಮಾಡುತ್ತಿದ್ದ, ಅವರು ನಮ್ಮ ಮನೆಗೆ ಬಂದು ಕೂತು ಮಾತಾಡುತ್ತಿದ್ದರು. ಅದು ಎಲ್ಲರಿಗೂ ಗೊತ್ತಿದ್ದ ಫೋನು. ಇದು ಬೇರೆ. ಹಾರಿ ಇಳಿದ ದಿನ, ಮಧ್ಯಾಹ್ನ ಮೂರರ ಸುಮಾರಿಗೆ, ನನಗೊಬ್ಬಳಿಗೆ ಎರಡು ರಿಂಗ್.

"ಯಾಕೋ ಇದು?" ಎಂದು ಕೇಳಿದೆ.

"ಇಳಿದೆ ಅಂತ ಯಾರಿಗಾದ್ರೂ ಹೇಳಿದ್ರೇನೇ ಅತ್ತೆ ಇಳಿದ ಹಾಗೆ ಅನ್ಸೋದು."

ಎರಡು ವರ್ಷ ಅದು ನಡೆಯಿತು. ಮೊದಮೊದಲು ನನಗೂ ಒಂದು ಆಟದ ಹಾಗಿತ್ತು. ಎರಡು ರಿಂಗ್ ಆಗಿ ನಿಂತರೆ, "ಬಂದ್ಯಾ ಕಂದ" ಎಂದು ಫೋನಿಗೆ ಹೇಳಿ ಮಷೀನು ತುಳಿಯುತ್ತಿದ್ದೆ.

ಆಮೇಲೆ ತೊಂಬತ್ತೊಂಬತ್ತರ ಬೇಸಿಗೆ ಬಂತು. ಕಾರ್ಗಿಲ್ಲಿನಲ್ಲಿ ಯುದ್ಧ. ಟೀವಿಯಲ್ಲಿ ಹಗಲೆಲ್ಲ ಬೆಟ್ಟ, ಹೊಗೆ. ಅವನ ಎರಡು ರಿಂಗ್ ದಿನವೂ ಬರತೊಡಗಿತು. ದಿನವೂ ಎಂದರೆ ದಿನವೂ ಮೇಲೆ ಹೋಗುತ್ತಿದ್ದಾನೆ ಎಂದರ್ಥ. ಎರಡೂವರೆಯಾಗುತ್ತಿದ್ದಂತೆ ನನ್ನ ಕೈ ಬೆವರುತ್ತಿತ್ತು. ಗಿರಾಕಿಗಳ ಸೀರೆಗೆ ಕಲೆಯಾದೀತೆಂದು ಟವೆಲ್ಲಿನಲ್ಲಿ ಒರೆಸಿಕೊಂಡು ಸುಮ್ಮನೆ ಕೂತಿರುತ್ತಿದ್ದೆ. ರಿಂಗ್ ಶುರುವಾದರೆ ಬೆರಳು ಮಡಿಸಿ ಎಣಿಸುತ್ತಿದ್ದೆ. ಎರಡಕ್ಕೆ ನಿಂತರೆ ಸರಿ. ನಿಲ್ಲದೆ ಮೂರನೆಯದು ಬಂದರೆ? ಇವನ ಬದಲು ಬೇರೆ ಯಾರೋ ಮಾತಾಡುವುದಿದೆ ಎಂದೇ ಅರ್ಥವಲ್ಲವೇ? ನನ್ನ ತಲೆಯಲ್ಲಿ ಅದೇ ಕೂತುಬಿಟ್ಟಿತು. ಎತ್ತಬೇಕಾದ ರಿಂಗನ್ನು ಕಂಡರೆ ನನಗೆ ಹೆದರಿಕೆ ಹತ್ತಿತು.

ಶಾರದಕ್ಕ ಮಾತ್ರ ನೆಮ್ಮದಿಯಾಗಿದ್ದರು. "ನಮ್ಮ ಪುಟ್ಟ ಪುಣ್ಯವಂತ ಕಣೇ ಪದ್ದು. ನೆರಳಲ್ಲಿ ಕೂತು ನಕ್ಷೆ ನೋಡ್ತಾನೆ. ಆ ಹಾರೋ ಹುಡುಗರ ತಾಯಂದ್ರು ಹೇಗೆ ಊಟ ಮಾಡ್ತಾರೋ ಪಾಪ." ಶನಿವಾರ ಶನಿವಾರ ಹನುಮಂತನಗರದ ಗುಡ್ಡ ಹತ್ತಿ, ಆ ತಾಯಂದಿರ ಮಕ್ಕಳ ಹೆಸರಿನಲ್ಲಿ ಎಳ್ಳೆಣ್ಣೆ ದೀಪ ಹಚ್ಚಿ ಬರುತ್ತಿದ್ದರು. ನಾನೂ ಜೊತೆಗೆ ಹೋಗಿ ಪಕ್ಕದಲ್ಲಿ ಕೈಮುಗಿದು ನಿಲ್ಲುತ್ತಿದ್ದೆ. ನಿಂತಲ್ಲೇ ಹೇಳಿಬಿಡಲೇ ಎನ್ನಿಸುತ್ತಿತ್ತು. ಕೊಟ್ಟ ಮಾತು ಅಡ್ಡ ಬರುತ್ತಿತ್ತು.

ಅದೊಂದು ಗುರುವಾರ. ಮೂರು ಗಂಟೆಗೆ ಎರಡು ರಿಂಗ್ ಬಂದು ನಿಂತಿತ್ತು. ನಾನು ಕಾಫಿ ಕುಡಿದು, ಹಗುರಾಗಿ, ಒಂದು ರೇಷ್ಮೆ ಸೀರೆಯ ಅಂಚು ಹಿಡಿದು ಕೂತಿದ್ದೆ. ಐದೂವರೆಗೆ ಫೋನು ಮತ್ತೆ ಹೊಡೆಯಿತು.

ಒಂದು. ಎರಡು. ಮೂರು.

ನಿಲ್ಲಲಿಲ್ಲ. ನಾಲ್ಕು, ಐದು. ನನ್ನ ಕೈಗೂ ಫೋನಿಗೂ ನಡುವೆ ಒಂದು ಮೊಳ ದೂರ. ಮಧ್ಯಾಹ್ನ ಇಳಿದವನು ಮತ್ತೆ ಹೋಗಿದ್ದನೇನೋ. ಎತ್ತಿದರೆ ಸುದ್ದಿ. ಎತ್ತದಿದ್ದರೆ ಸುದ್ದಿ ಇನ್ನೂ ಬಂದಿಲ್ಲ, ಅವನು ಇನ್ನೂ ಇದ್ದಾನೆ. ಅಷ್ಟೇ ನನ್ನ ಬುದ್ಧಿಗೆ ಹೊಳೆದದ್ದು. ಸೀರೆಯನ್ನು ಎದೆಗೆ ಅವುಚಿಕೊಂಡು ಕೂತೆ. ಫೋನು ನಿಂತಿತು. ಒಂದು ನಿಮಿಷ ಬಿಟ್ಟು ಮತ್ತೆ ಹೊಡೆಯಿತು, ನಿಂತಿತು. ಮೂರನೆಯ ಸಲ ಹೊಡೆಯುವಾಗ ಎದುರು ಮನೆಯ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಶಾರದಕ್ಕ ಅಲ್ಲಿಂದಲೇ ಕೂಗಿದರು.

"ಪದ್ದೂ, ಫೋನ್ ಕಣೇ! ಕಿವಿಗೆ ಹತ್ತಿ ಇಟ್ಕೊಂಡಿದೀಯಾ?"

"ಯಾರೋ ರಾಂಗ್ ನಂಬರ್ ಶಾರದಕ್ಕ, ಬೆಳಗ್ಗೆಯಿಂದ ಕಾಟ" ಅಂದೆ.

ಅಷ್ಟು ಸಲೀಸಾಗಿ ಬಂತು ಸುಳ್ಳು. ಫೋನು ಸುಮ್ಮನಾಯಿತು.

ಸಂಜೆಯೆಲ್ಲ ಬೀದಿಯ ಮೂಲೆಯನ್ನೇ ನೋಡುತ್ತಿದ್ದೆ, ವಾಯುಪಡೆಯ ಜೀಪು ಬರುತ್ತದೆಂದು. ಬರಲಿಲ್ಲ. ಶುಕ್ರವಾರ ಮೂರು ಗಂಟೆಗೆ ಎರಡು ರಿಂಗ್ ಬಂತು, ಎರಡೇ. ನನಗೆ ನಗು, ಅಳು ಎರಡೂ. ಎಂಥ ದಡ್ಡಿ ನಾನು, ಯಾರೋ ಗಿರಾಕಿ ಸೀರೆ ಕೇಳಲು ಮಾಡಿದ್ದಿರಬೇಕು ಎಂದುಕೊಂಡು, ರವೆ ಉಂಡೆ ಕಟ್ಟಿ ಶಾರದಕ್ಕನಿಗೂ ಕೊಟ್ಟುಬಂದೆ. "ಏನೇ ವಿಶೇಷ?" ಎಂದರು. ಏನಿಲ್ಲ ಅಂದೆ.

ಶನಿವಾರ ರಿಂಗ್ ಬರಲಿಲ್ಲ.

ಮೂರಾಯಿತು, ನಾಲ್ಕಾಯಿತು. ಐದಕ್ಕೆ ಶಾರದಕ್ಕ ಎಣ್ಣೆ ಬಾಟಲಿ ಹಿಡಿದು ಗುಡ್ಡಕ್ಕೆ ಹೊರಟರು, "ಬಾರೇ" ಎಂದು ಕರೆದರು. ತಲೆನೋವು ಎಂದೆ. ಅವರೊಬ್ಬರೇ ಹೋಗಿ ದೀಪ ಹಚ್ಚಿ ಬಂದರು.

ಭಾನುವಾರ ಬೆಳಗ್ಗೆ ಎಂದಿನಂತೆ ಹತ್ತಕ್ಕೆ ಮೊದಲೇ ಬಂದರು. ಎಣ್ಣೆಸ್ನಾನ ಮಾಡಿದ ಒದ್ದೆ ಕೂದಲು, ಕೈಯಲ್ಲಿ ಮಾವಿನಕಾಯಿ ಚಿತ್ರಾನ್ನದ ಡಬ್ಬಿ. ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಮಷೀನಿಗೆ ಸುಮ್ಮನೆ ದಾರ ಪೋಣಿಸುತ್ತಿದ್ದೆ, ಪೋಣಿಸಲು ಆಗುತ್ತಿರಲಿಲ್ಲ.

"ಕೊಡಿಲ್ಲಿ, ನಿನ್ನ ಕಣ್ಣು ಹೋಯ್ತು" ಎಂದು ಅವರೇ ಪೋಣಿಸಿಕೊಟ್ಟರು. "ಹತ್ತೂಕಾಲಾಯ್ತಲ್ಲೇ. ಲೈನ್ ಸಿಕ್ಕಿಲ್ವೇನೋ."

"ಸಿಗಲ್ಲ ಅಕ್ಕ, ಯುದ್ಧ ಅಲ್ವಾ."

"ಚಿತ್ರಾನ್ನ ತಿನ್ನು. ಯಾಕೇ ಹಿಂಗೆ ಬಿಳಿಚ್ಕೊಂಡಿದೀಯ?"

ಆಗ ಜೀಪು ಬಂತು. ಸಮವಸ್ತ್ರದ ಇಬ್ಬರು ಇಳಿದು ಎದುರು ಮನೆಯ ಬೀಗ ನೋಡಿ, ತಿರುಗಿ, ನಮ್ಮ ಬಾಗಿಲಿಗೆ ಬಂದರು. ಒಬ್ಬರು ವಯಸ್ಸಾದವರು, ಕನ್ನಡದವರೇ.

"ಅಮ್ಮ, ಒಂದ್ನಿಮಿಷ ಕೂತ್ಕೊಳ್ಳಿ" ಎಂದರು.

"ಕೂತೇ ಇದೀನಲ್ಲಪ್ಪ" ಎಂದರು ಶಾರದಕ್ಕ.

ಹಿಂದಿನ ದಿನ ಅವರ ಮಗನಿದ್ದ ವಿಮಾನ ಕೆಲಸ ಮುಗಿಸಿ ವಾಪಸು ಬರುವಾಗ ಬಿತ್ತು, ಇಬ್ಬರೂ ಉಳಿಯಲಿಲ್ಲ ಎಂದು ಅವರು ಆದಷ್ಟು ಮೆಲ್ಲಗೆ ಹೇಳಿದರು. ಶಾರದಕ್ಕ ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಶಾಲೆಯಲ್ಲಿ ತಪ್ಪು ಲೆಕ್ಕ ಬರೆದ ಮಗುವಿಗೆ ಹೇಳುವ ಹಾಗೆ, ತಾಳ್ಮೆಯಿಂದ ಹೇಳಿದರು:

"ನೀವು ಬೇರೆ ಯಾರ ಮನೆಗೋ ಹೋಗಬೇಕಿತ್ತು ಅನ್ಸುತ್ತೆ. ನಮ್ಮೋನು ಕೆಳಗಿರ್ತಾನೆ. ಅವನದು ಮ್ಯಾಪ್ ಸೆಕ್ಷನ್ನು." ಆ ಮನುಷ್ಯ ತಲೆ ತಗ್ಗಿಸಿದರು. ಶಾರದಕ್ಕ ನನ್ನ ಕಡೆ ತಿರುಗಿದರು. "ಹೇಳೇ ಪದ್ದು ಇವರಿಗೆ. ನೀನಾದ್ರೂ ಹೇಳು."

ನನ್ನ ಮುಖ ನೋಡಿದರು. ಅದರಲ್ಲಿ ಏನು ಓದಿಕೊಂಡರೋ, ಕುರ್ಚಿಯಿಂದ ಎದ್ದು, ಯಾರ ಕೈಯನ್ನೂ ಹಿಡಿಯದೆ, ಬೀದಿ ದಾಟಿ, ಬೀಗ ತೆಗೆದು ಒಳಗೆ ಹೋದರು.

ಪೆಟ್ಟಿಗೆ ಬಂತು, ತೆರೆಯಬೇಡಿ ಎಂದರು. ಬಂದೂಕು ಹಾರಿಸಿದರು. ಬೀದಿ ತುಂಬ ಜನ. ಮೈಕಿನಲ್ಲಿ ಅವನ ಎಂಟೆದೆಯ ವರ್ಣನೆ ನಡೆಯುತ್ತಿದ್ದಾಗ ನನಗೆ ಕಂಡದ್ದು ಒಂದೇ: ಆ ಕತ್ತಲೆ ಗೂಡಿನಲ್ಲಿ ಕೂತು, ನಕ್ಷೆಯ ಮೇಲೆ ಬಗ್ಗಿ, ಹೆಬ್ಬೆರಳು ಮುಷ್ಟಿಯೊಳಗಿಟ್ಟುಕೊಂಡು, ನಿಮಿಷ ಎಣಿಸುತ್ತಿರುವ ಹುಡುಗ. ದಿನವೂ ಅಷ್ಟು ಹೆದರಿಕೊಂಡು ದಿನವೂ ಏಣಿ ಹತ್ತಿದವನು. ಅದನ್ನು ಯಾರೂ ಹೇಳಲಿಲ್ಲ.

ಶಾರದಕ್ಕ ನನ್ನನ್ನು ಒಂದೇ ಒಂದು ಕೇಳಿದರು, "ನಿನಗೆ ಗೊತ್ತಿತ್ತಾ?" ಗೊತ್ತಿತ್ತು ಎಂದೆ. ಆಮೇಲೆ ಮಾತು ಬಿಟ್ಟರು. ಎದುರುಬದುರು ಮನೆ, ಬೆಳಗ್ಗೆ ರಂಗೋಲಿ ಹಾಕುವಾಗ ಇಬ್ಬರ ತಲೆಯೂ ಬಗ್ಗಿರುತ್ತಿತ್ತು.

ಆ ವರ್ಷದ ಕೊನೆಯಲ್ಲಿ ಅವನ ರೂಮಿನಲ್ಲಿದ್ದ ಗೆಳೆಯನೊಬ್ಬ ಅವನ ಟ್ರಂಕು ತಲುಪಿಸಲು ಬಂದ. ಮಲಯಾಳಿ ಹುಡುಗ, ಪುಟ್ಟನಿಂದಲೇ ಕಲಿತ ಮುರುಕು ಕನ್ನಡ. ಶಾರದಕ್ಕನ ಮನೆಯಲ್ಲಿ ಊಟ ಮುಗಿಸಿ ಬೀದಿ ದಾಟಿ ನಮ್ಮಲ್ಲಿಗೆ ಬಂದು, "ಪದ್ಮತ್ತೆ ನೀವೇ ಅಲ್ವಾ?" ಎಂದ. ಕೂತು, ಫೋನನ್ನೇ ಸ್ವಲ್ಪ ಹೊತ್ತು ನೋಡಿದ.

"ಆ ಗುರುವಾರ ಸಾಯಂಕಾಲ ನಾನು ಅವನ ಜೊತೆ ಬೂತಲ್ಲಿದ್ದೆ" ಎಂದ. "ಅಮ್ಮಂಗೆ ಎಲ್ಲ ಹೇಳ್ತೀನಿ ಇವತ್ತು, ಅತ್ತೆ ಕರೀತಾರೆ ಅಂದ. ಮೂರು ಸಲ ಮಾಡ್ದ. ಯಾರೂ ಎತ್ತಿಲ್ಲ. ಅತ್ತೆ ದೇವಸ್ಥಾನಕ್ಕೆ ಹೋಗಿರ್ಬೇಕು, ಭಾನುವಾರ ಹೇಳ್ತೀನಿ ಬಿಡು ಅಂದ."

"ಹೌದಪ್ಪ" ಎಂದೆ, "ದೇವಸ್ಥಾನಕ್ಕೆ ಹೋಗಿದ್ದೆ."

ಸತ್ತವನ ಊಹೆಯ ಹಿಂದೆ ಅಡಗಿಕೊಂಡೆ ನಾನು.

ಮರುವರ್ಷ ಯುಗಾದಿಯ ಹಿಂದಿನ ದಿನ ಶಾರದಕ್ಕ ಒಂದು ಸೀರೆ ತಂದು ಮಷೀನಿನ ಮೇಲಿಟ್ಟು, "ಇದಕ್ಕೊಂದು ಫಾಲ್ ಹಾಕ್ಕೊಡು" ಎಂದರು. ಅಲ್ಲಿಗೆ ಮಾತು ಮತ್ತೆ ಶುರುವಾಯಿತು. ಒಮ್ಮೆ ಕಳೆದುಕೊಂಡು ಸಿಕ್ಕವರು. ಗುರುವಾರದ ಸಂಗತಿ ಹೇಳಿದರೆ ಇನ್ನೊಮ್ಮೆ ಸಿಗಲಾರರು. ಹೇಳಲಿಲ್ಲ. ಹಬ್ಬಗಳಾದವು, ನಮ್ಮ ಯಜಮಾನರು ರಿಟೈರಾದರು, ಎಲ್ಲರ ಕೈಗೂ ಮೊಬೈಲ್ ಬಂತು. ಅವರು ನನ್ನ ಅಡಿಗೆಮನೆಗೆ ಬಂದು ಕೂತಾಗಲೆಲ್ಲ ಆ ಮೂರು ಸಲದ ಫೋನು ನಮ್ಮಿಬ್ಬರ ನಡುವೆ ಕೂತಿರುತ್ತಿತ್ತು. ಅವರಿಗದು ಕಾಣುತ್ತಿರಲಿಲ್ಲ.

ಅವನು ಹೋದ ಎಂಟನೆಯ ವರ್ಷ ನನಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಬೇಕಾಯಿತು. ಹಿಂದಿನ ಮಧ್ಯಾಹ್ನ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದೆ. ಸಣ್ಣ ಆಪರೇಷನ್ ಎಂದು ಎಲ್ಲರೂ ಹೇಳುತ್ತಿದ್ದರು, ನನಗೆ ಮಾತ್ರ ಕೈಕಾಲು ತಣ್ಣಗಾಗಿತ್ತು. ಇಷ್ಟು ಚಿಕ್ಕ ಹೆದರಿಕೆಗೇ ಹೀಗಾದರೆ ಪುಟ್ಟನಿಗೆ ದಿನವೂ ಹೇಗಾಗಿತ್ತೋ, ಎನ್ನಿಸಿತು. ಪಕ್ಕದಲ್ಲಿ ಶಾರದಕ್ಕ ತಮಗೆಂದು ಮೂಸಂಬಿ ಸುಲಿದುಕೊಳ್ಳುತ್ತಿದ್ದರು. ಎಲ್ಲವನ್ನೂ ಹೇಳಿಬಿಟ್ಟೆ. ಮೂರು ಸಲ ಹೊಡೆದದ್ದು, ಎತ್ತದೆ ಕೂತದ್ದು, ಜಗಲಿಯಿಂದ ಅವರು ಕೂಗಿದಾಗ ರಾಂಗ್ ನಂಬರ್ ಎಂದದ್ದು, ಅದು ಅವನೇ ಎಂದು ಗೆಳೆಯ ಹೇಳಿದ್ದು, ದೇವಸ್ಥಾನದ ಸುಳ್ಳು.

ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. ಪೂರ್ತಿ ಸುಲಿದರು. ತೊಳೆಗಳನ್ನು ಬಿಡಿಸಿದರು. ಒಂದೊಂದರ ನಾರನ್ನೂ ತೆಗೆದು ಕಾಗದದ ಮೇಲೆ ಸಾಲಾಗಿ ಇಟ್ಟರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ.

"ನೀನು ಎತ್ತಿದ್ದಿದ್ರೆ" ಎಂದರು, "ನಾನು ಓಡಿ ಬರ್ತಿದ್ದೆ. ಅವನು ಹೇಳ್ತಿದ್ದ. ನಾನು ಸುಮ್ನಿರ್ತಿದ್ನಾ? ಅತ್ತು ಕರೆದು ಬಂದ್ಬಿಡೋ ಅಂತಿದ್ದೆ. ಅವನಿಗೆ ಬರೋಕಾಗ್ತಿರ್ಲಿಲ್ಲ. ತಾಯಿಗೆ ಬರಲ್ಲ ಅಂತ ಹೇಳಿ ಹೋಗ್ಬೇಕಾಗ್ತಿತ್ತು. ಮೊದಲೇ ಅಷ್ಟು ಹೆದರೋ ಮಗು. ಅದೊಂದು ಭಾರ ಅವನ ಮೇಲೆ ಬೀಳ್ಲಿಲ್ಲ."

ನಾನು ಅಳುತ್ತಿದ್ದೆ. ಅವರು ಅಳುತ್ತಿರಲಿಲ್ಲ.

"ಹೀಗೆ ಅಂದ್ಕೊಂಡು ಇದ್ದುಬಿಡ್ತೀನಿ, ಬಿಡು" ಎಂದರು. ಸೆರಗಿನಿಂದ ಕೈ ಒರೆಸಿಕೊಂಡು, ಮಂಚದ ಕಂಬಿಯ ಮೇಲಿದ್ದ ನನ್ನ ಕೈಯ ಪಕ್ಕ ತಮ್ಮ ಕೈ ಇಟ್ಟರು. ನನ್ನ ಕೈ ಹಿಡಿಯಲಿಲ್ಲ, ಪಕ್ಕದಲ್ಲಿಟ್ಟರು ಅಷ್ಟೇ.

"ಆದ್ರೂ ಎತ್ತಬೇಕಿತ್ತು ಕಣೇ ಪದ್ದು."

"ಹೌದಕ್ಕ" ಎಂದೆ. "ಎತ್ತಬೇಕಿತ್ತು."